ದನಿ ಬಂದ್ ಇಟ್ಟು ಹಾಡು ಕಲಿಸಿದ ಮಳೆಗಾಲ

ಫೋನು ಬಂದಾಗ ನಾನು ಮಾಳಿಗೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ವರ್ಷಕ್ಕೆ ಆಗುವಷ್ಟು ಖಾರದ ಪುಡಿ ಮಾಡಿಸಬೇಕೆಂದರೆ ಬಿಸಿಲು ನೋಡಿಯೇ ಕೆಲಸ ಹಿಡಿಯಬೇಕು. ಬೆರಳ ಸಂದಿಯೆಲ್ಲ ಉರಿ, ಆ ಕೈಯಿಂದ ಫೋನು ಮುಟ್ಟುವ ಹಾಗಿರಲಿಲ್ಲ. ಮಗಳು ಅನ್ನಪೂರ್ಣ ಓಡಿ ಬಂದು ಅದನ್ನು ನನ್ನ ಕಿವಿಗೆ ಹಿಡಿದು ನಿಂತಳು. ಆ ಕಡೆ ಪಕ್ಕದ ಮನೆಯ ಮಮ್ತಾಜ ಇದ್ದಳು. ಹಾವೇರಿಯ ದವಾಖಾನೆಯಿಂದ ಮಾತಾಡುತ್ತಿದ್ದಳು.

"ಅಕ್ಕಾ, ನಮ್ಮ ಆಫ್ರೀನಗ ಕಿವಿ ಕೇಳಂಗಿಲ್ಲಂತ್ರಿ."

"ಯಾವ ಕಿವಿ?" ಎಂದೆ. ಯಾಕೆ ಹಾಗೆ ಕೇಳಿದೆನೋ ಇಂದಿಗೂ ತಿಳಿಯದು. ಒಂದೇ ಕಿವಿಯಾಗಿದ್ದರೆ ಸಾಕು ಎಂದು ಮನಸ್ಸು ಅಷ್ಟರಲ್ಲಿಯೇ ಚೌಕಾಸಿಗೆ ಇಳಿದಿತ್ತೋ ಏನೋ.

"ಎರಡೂ ಅಂತ್ರಿ. ಎಡಗಿವಿ ಭಾಳ ಕಮ್ಮಿ, ಬಲಗಿವಿ ಅದಕ್ಕಿಂತ ಸ್ವಲ್ಪ ಪಾಡ. ಮಷೀನ್ ಹಚ್ಚಿ ನೋಡಿದ್ರು. ಇದು ಇವತ್ತು ನಿನ್ನೆದಲ್ಲ, ಭಾಳ ದಿನದ್ದು ಅಂತಾರ. ನನಗ ಏನೂ ತಿಳೀವಲ್ದು ಅಕ್ಕಾ."

ಹಿಂದಿನ ಸಂಜೆ ಆಕೆ ನಮ್ಮ ಬಾಗಿಲಿಗೆ ಬಂದು, ನಾಳೆ ಹಾವೇರಿಗೆ ಜೊತೆಗೆ ಬರುತ್ತೀರಾ ಎಂದು ಕೇಳಿದ್ದಳು. ಬಿಸಿಲು ಚೆನ್ನಾಗಿ ಬಿದ್ದಿದೆ, ಮೆಣಸಿನಕಾಯಿ ಹರವಿದ್ದೇನೆ, ನೀನೇ ಹೋಗಿ ಬಾ ಎಂದು ಕಳಿಸಿದ್ದೆ. ಈಗ ಆಕೆ ಅಲ್ಲಿ ಒಬ್ಬಳೇ ನಿಂತು ಇದನ್ನು ಕೇಳಿಸಿಕೊಂಡಿದ್ದಳು. ಅನ್ನಪೂರ್ಣ ಫೋನು ತೆಗೆದಳು. ನಾನು ಮತ್ತೆ ತೊಟ್ಟು ಮುರಿಯಲು ಹೋದೆ. ಕೈ ಬರಲಿಲ್ಲ.

ಏಕೆಂದರೆ ಮಮ್ತಾಜನ ಮಗಳು ಆಫ್ರೀನ ನನ್ನ ಹಾಡಿನ ಕ್ಲಾಸಿನ ಹುಡುಗಿ. ಎರಡನೆಯ ಇಯತ್ತೆ ಓದುತ್ತಿದ್ದಳು. ಆ ಕ್ಲಾಸಿಗೇ ಫಸ್ಟ್ ಬರುತ್ತಿದ್ದವಳು ಅವಳೇ.

ಈಗಲೂ ಬ್ಯಾಡಗಿಯ ಮೆಣಸಿನಕಾಯಿ ಓಣಿಗೆ ಬಂದು ಅದರ ಘಾಟು ಮೂಗಿಗೆ ತಾಗಿದರೆ ನನಗೆ ಅಡುಗೆಯ ನೆನಪಾಗುವುದಿಲ್ಲ, ಆ ಮಾತು ನೆನಪಾಗುತ್ತದೆ. ಅದರ ಬೆನ್ನಿಗೇ ಅದರ ಹಿಂದಿನ ಮಳೆಗಾಲ.

ನಾವಿರುವುದು ರಾಣೆಬೆನ್ನೂರಿನಲ್ಲಿ. ನನ್ನ ತವರು ಹಾವೇರಿ ಹತ್ತಿರದ ಅಗಡಿ. ಅಲ್ಲಿ ನಮ್ಮ ಅಪ್ಪ ಭಜನೆಯಲ್ಲಿ ಪೇಟಿ ಬಾರಿಸುತ್ತಿದ್ದರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಅವರ ಪಕ್ಕದಲ್ಲಿ ಕುಳಿತು ತಿದಿ ಒತ್ತುತ್ತ ಒತ್ತುತ್ತ ನನಗೂ ಸ್ವಲ್ಪ ಸರಿಗಮ ಬಂತು. ಮದುವೆಯಾಗಿ ಬಂದ ಮನೆಯಲ್ಲಿ ಪೇಟಿ ಇರಲಿಲ್ಲ, ಅದನ್ನು ಕೇಳುವ ಧೈರ್ಯವೂ ಇರಲಿಲ್ಲ. ಪೂಜೆಯ ಹೊತ್ತಿಗೆ ಗುನುಗುವುದೇ ನನ್ನ ಸಂಗೀತವಾಗಿತ್ತು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಮಗಳ ಸಾಲೆಯ ವಾಟ್ಸಾಪ್ ಗುಂಪಿಗೆ ಟೀಚರು ಒಂದು ಲಿಂಕ್ ಕಳಿಸಿದರು. ಮಕ್ಕಳಿಗೆ ಆಟ ಆಡಿಸುತ್ತ ಸಂಗೀತ ಕಲಿಸುವ ವೆಬ್‌ಸೈಟು. ಕೊರೊನಾ ಕಾಲದ ಪಾಠಕ್ಕೆಂದು ತಂದ ಟ್ಯಾಬು ಕಪಾಟಿನಲ್ಲಿ ಬಿದ್ದಿತ್ತು. ಅದರಲ್ಲಿ ತೆರೆದು ನೋಡಿದರೆ, ನನ್ನ ಅಪ್ಪನ ಪೇಟಿಯ ಕಪ್ಪು ಬಿಳಿ ಮನೆಗಳು ಗಾಜಿನ ಮೇಲೆ ಮೂಡಿದವು! ಬೆರಳಿಟ್ಟರೆ ದನಿ ಬಂತು. ನಾನು ಸೆರಗಿನಿಂದ ಗಾಜು ಒರೆಸಿ, ಕಣ್ಣಿಗೆ ಒತ್ತಿಕೊಂಡೆ. ಅನ್ನಪೂರ್ಣ ನಕ್ಕಳು.

"ಅವ್ವಾ, ಅದು ದೇವರಲ್ಲ, ಟ್ಯಾಬು."

"ಇರ್ಲಿ ಬಿಡು. ಕೊಟ್ಟಾಂವ ಅವನ."

ಆ ವೆಬ್‌ಸೈಟಿನಲ್ಲಿ ಮಕ್ಕಳಿಗೆ ಭಾರೀ ಹಿಡಿಸಿದ್ದು ಹಕ್ಕಿಯಾಟ. ಒಂದು ತಂತಿಯ ಮೇಲೆ ಏಳು ಹಕ್ಕಿಗಳು. ಸ ಕೆಂಪು, ರಿ ಕೇಸರಿ, ಗ ಹಳದಿ, ಹೀಗೆ ಏಳಕ್ಕೂ ಒಂದೊಂದು ಬಣ್ಣ. ಮೊದಲು ಮೂರೋ ನಾಲ್ಕೋ ಹಕ್ಕಿಗಳು ಸರದಿಯಂತೆ ಕೂಗುತ್ತವೆ, ಗೆದ್ದಂತೆ ಕೂಗುಗಳ ಲೆಕ್ಕ ಏರುತ್ತದೆ, ಕೂಗಿದ ಹಕ್ಕಿಯೇ ಮತ್ತೆ ಕೂಗುವುದೂ ಉಂಟು. ಕೂಗುವ ಹಕ್ಕಿ ಕೊಕ್ಕು ತೆರೆಯುತ್ತದೆ, ಅದರ ಮೈ ದೀಪದಂತೆ ಬೆಳಗುತ್ತದೆ. ಮಕ್ಕಳು ಅದೇ ಸರದಿಯಲ್ಲಿ ಅವುಗಳನ್ನು ಮುಟ್ಟಬೇಕು. ಸರಿಯಾದರೆ ನಕ್ಷತ್ರ. ಇದು ಹಗಲಿನ ಆಟ. ಇದನ್ನು ದಾಟಿದರೆ ರಾತ್ರಿಯ ಆಟ. ಅಲ್ಲಿ ಸೂರ್ಯ ಮುಳುಗಿ ಹಕ್ಕಿಗಳೆಲ್ಲ ಕಪ್ಪಾಗುತ್ತವೆ, ದೀಪ ಹತ್ತುವುದಿಲ್ಲ, ಕೊಕ್ಕು ಕಾಣುವುದಿಲ್ಲ. ಬರೀ ದನಿ ಕೇಳಿ ಯಾವ ಹಕ್ಕಿ ಎಂದು ಹೇಳಬೇಕು.

ಮಳೆಗೆ ಹೊರಗೆ ಆಡಲಾಗದ ಓಣಿಯ ಮಕ್ಕಳು ಸಾಲೆ ಬಿಟ್ಟ ಮೇಲೆ ನಮ್ಮ ಪಡಸಾಲೆಗೆ ಬರತೊಡಗಿದರು. ನಾನು ಚಾಪೆ ಹಾಸಿದೆ, ಟ್ಯಾಬನ್ನು ಮಣೆಯ ಮೇಲೆ ಇಟ್ಟೆ. ಎರಡು ದಿನ ಹಕ್ಕಿಗಳು ಚೆನ್ನಾಗಿ ಕೂಗಿದವು. ಮೂರನೆಯ ದಿನ ಒಳಕೋಣೆಯ ಬಾಗಿಲು ತೆರೆಯಿತು. ನಮ್ಮ ಮನೆಯವರು, ಕಣ್ಣು ಕೆಂಪು, ಕೂದಲು ಕೆದರಿ ನಿಂತಿದ್ದರು.

"ಗಿರಿಜಾ, ರಾತ್ರಿ ಪೂರಾ ಮಷೀನ್ ಮುಂದ ನಿಂತ ಬಂದೇನಿ. ಈ ಗುಬ್ಬಿಗಳನ್ನ ಕವಣಿ ತಗೊಂಡು ಹೊಡೀಲ್ಯಾ ಏನು?"

ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಇವರದು ಕುಮಾರಪಟ್ಟಣದ ಫ್ಯಾಕ್ಟರಿ ಕೆಲಸ. ಪಾಳಿ ವಾರವಾರಕ್ಕೆ ಬದಲಾಗುವುದು ಅಲ್ಲಿಯ ಪದ್ಧತಿ. ಆದರೆ ಜೊತೆಯವರೊಬ್ಬರ ಹೆಂಡತಿ ಹಾಸಿಗೆ ಹಿಡಿದಿದ್ದರಿಂದ, ಅವರ ರಾತ್ರಿ ಪಾಳಿಯನ್ನೂ ಆ ಮಳೆಗಾಲವಿಡೀ ಇವರೇ ಹೊತ್ತುಕೊಂಡಿದ್ದರು. ಬೆಳಿಗ್ಗೆ ಬಂದು ಒಂದಷ್ಟು ಮಲಗಿ, ಎದ್ದು ಊಟ ಮಾಡಿ, ಮತ್ತೆ ಸಂಜೆಯವರೆಗೆ ಮಲಗುತ್ತಿದ್ದರು. ನಮ್ಮ ಮನೆಯಲ್ಲಿ ಇರುವುದು ಒಂದು ಕೋಣೆ, ಒಂದು ಪಡಸಾಲೆ, ಅಡುಗೆಮನೆ. ಹಗಲು ನಿದ್ದೆ ಕೆಟ್ಟ ಮನುಷ್ಯ ರಾತ್ರಿ ಯಂತ್ರದ ಮುಂದೆ ತೂಕಡಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಕ್ಲಾಸನ್ನು ನಿಲ್ಲಿಸಬಹುದಿತ್ತು. ಓಣಿಯ ತುದಿಯ ಬಸವಣ್ಣನ ಗುಡಿಯ ಕಟ್ಟೆಗೆ ಒಯ್ಯಬಹುದಿತ್ತು, ಅಲ್ಲಿ ಮೇಲೆ ತಗಡು ಇದೆ. ನಾನು ಅದೇನನ್ನೂ ಮಾಡಲಿಲ್ಲ. ಟ್ಯಾಬಿನ ಪಕ್ಕದ ಗುಂಡಿ ಒತ್ತಿ ದನಿ ಪೂರ್ತಿ ಬಂದ್ ಮಾಡಿದೆ.

"ಇನ್ನ ಮ್ಯಾಲ ಪಿಸುಮಾತಿನ್ಯಾಗ ಹಾಡೋದು. ದನಿ ಹೊರಗ ಬಿದ್ರ ಅಂಕಲ್ ಕವಣಿ ತರ್ತಾರ ನೋಡ್ರಿ."

ಮಕ್ಕಳಿಗೆ ಅದೂ ಆಟವೇ ಆಯಿತು. ಒಬ್ಬರಿಗೊಬ್ಬರು ತುಟಿಗೆ ಬೆರಳಿಟ್ಟು "ಶ್!" ಎನ್ನುತ್ತ ಆಡಿದರು. ದನಿಯಿಲ್ಲದಿದ್ದರೇನು, ಹಕ್ಕಿಯ ಮೈ ಬೆಳಗುತ್ತಿತ್ತಲ್ಲ, ಸರದಿ ನೆನಪಿಟ್ಟರೆ ನಕ್ಷತ್ರ ಬೀಳುತ್ತಿತ್ತು. ಅದರಲ್ಲಿಯೇ ಇದ್ದ ತಾಳದ ಆಟವೂ ಹಾಗೆಯೇ. ಚೆಂಡು ನೆಲಕ್ಕೆ ಬಿದ್ದಾಗ ಬೆರಳು ಬಡಿದರೆ ಆಯಿತು. ನಾನು ಸ್ವರಕ್ಕೊಂದು ಎತ್ತರದಂತೆ ಕೈ ಏರಿಸಿ ಇಳಿಸಿ ತೋರಿಸುತ್ತ, ತುಟಿಯಲ್ಲಿಯೇ ಹೇಳಿಕೊಡುತ್ತಿದ್ದೆ. ರಾತ್ರಿಯ ಆಟ ಬಂದ ಕೂಡಲೆ, ಇದು ಸಣ್ಣವರಿಗೆ ಕಠಿಣ ಎಂದು ಹೇಳಿ ಮೊದಲಿಗೇ ತಿರುಗಿಸುತ್ತಿದ್ದೆ. ಕಠಿಣವೇನಿರಲಿಲ್ಲ, ದನಿ ಬೇಕಾಗಿತ್ತು, ಅಷ್ಟೆ.

ಆಫ್ರೀನ ಬಂದದ್ದು ಇದೆಲ್ಲ ಶುರುವಾದ ಮೇಲೆ. ಮಮ್ತಾಜ ಆಗ ಬ್ಯಾಡಗಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಕೋಲ್ಡ್ ಸ್ಟೋರೇಜಿನಿಂದ ತೆಗೆದ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಮಳೆಗಾಲದಲ್ಲೂ ಇರುತ್ತಿತ್ತು. ಗಂಡ ಗೂಡ್ಸ್ ಗಾಡಿ ಓಡಿಸುತ್ತಾನೆ, ಅವನ ಹೊತ್ತಿಗೆ ಲೆಕ್ಕವಿಲ್ಲ. ಹೀಗಾಗಿ ಒಂದು ದಿನ ಮಗಳ ಕೈ ಹಿಡಿದುಕೊಂಡು ಬಂದಳು.

"ಅಕ್ಕಾ, ನಾ ಬರೂತನಕ ಇಕಿನ್ನೂ ನಿಮ್ಮ ಹಾಡಿನ ಹುಡುಗರ ಜೋಡಿ ಕುಂಡ್ರಸ್ಕೊಳ್ರಿ. ಗದ್ದಲ ಮಾಡೂ ಹುಡುಗಿ ಅಲ್ಲರಿ, ಮೂಕ ಬಸವ ಇದ್ದಂಗ."

"ಗದ್ದಲ ಮಾಡದಿದ್ರ ನಮ್ಮನಿಗೆ ಅಂಥಾಕಿನ ಬೇಕು," ಎಂದು ನಾನು ನಕ್ಕೆ.

ಅವಳು ಬಂದವಳೇ ಎಲ್ಲರನ್ನೂ ಸರಿಸಿ ನನ್ನ ಎದುರಿಗೆ ಕುಳಿತಳು. ದಿನವೂ ಅದೇ ಜಾಗ. ನಾನು ಮಾತಾಡಿದರೆ ನನ್ನ ಬಾಯಿಂದ ಕಣ್ಣು ಕೀಳುತ್ತಿರಲಿಲ್ಲ. ಹಕ್ಕಿಯಾಟ ಶುರುವಾದರೆ ರೆಪ್ಪೆ ಬಡಿಯುತ್ತಿರಲಿಲ್ಲ. ನನ್ನ ಮಗಳು, ಅವಳಿಗಿಂತ ಮೂರು ವರ್ಷ ದೊಡ್ಡವಳು, ಐದು ಹಕ್ಕಿಗೇ ತಡವರಿಸುತ್ತಿದ್ದಳು. ಈ ಹುಡುಗಿ ಎಂಟು ಒಂಬತ್ತು ಕೂಗಿನ ಸರದಿಯನ್ನು ತಪ್ಪಿಲ್ಲದೆ ಮುಟ್ಟುತ್ತಿದ್ದಳು. ಪರದೆಯ ತುಂಬ ನಕ್ಷತ್ರ ಸುರಿಯುತ್ತಿತ್ತು. ಆಗ ಮಾತ್ರ ಒಂದು ಸಲ ನನ್ನ ಕಡೆ ನೋಡಿ ನಗುತ್ತಿದ್ದಳು. ಮುಂದಿನ ಹಲ್ಲು ಬಿದ್ದ ಬಾಯಿ.

ಹಿಂದಿನಿಂದ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಅನ್ನಪೂರ್ಣ ಒಂದು ಸಲ ದೂರು ಹೇಳಿದಳು: "ಅವ್ವಾ, ಆಫ್ರೀನಾನ್ನ ಕರದ್ರ ಓ ಅನ್ನಂಗಿಲ್ಲ."

"ಹಾಡಿನ್ಯಾಗ ಮುಳುಗ್ಯಾಳ ಆಕಿ. ನೀನೂ ಹಂಗ ಕಲಿ," ಎಂದೆ ನಾನು.

ಈ ಮಾತನ್ನು ನಾನು ನಿಜವಾಗಿಯೂ ನಂಬಿದ್ದೆ. ಸೋಮವಾರ ಗುಡಿಗೆ ಹೋದಾಗ ನಾಲ್ಕು ಮಂದಿ ಹೆಂಗಸರ ಮುಂದೆ ಹೇಳಿಕೊಂಡೂ ಬಂದೆ, ಮಮ್ತಾಜನ ಮಗಳಿಗೆ ದೇವರು ಎಂಥ ಏಕಾಗ್ರತೆ ಕೊಟ್ಟಿದ್ದಾನೆ ನೋಡಿ, ದೊಡ್ಡವರಿಗೆ ಲಿಂಗಪೂಜೆಯಲ್ಲಿ ಬಾರದ ಧ್ಯಾನ ಆ ಕೂಸಿಗೆ ಬಂದಿದೆ ಎಂದು. ಹೇಳುವಾಗ ಹುಡುಗಿಯ ಹೊಗಳಿಕೆ ಎಷ್ಟಿತ್ತೋ, ಕಲಿಸಿದವಳು ನಾನು ಎಂಬುದೂ ಅಷ್ಟೇ ಇತ್ತು.

ಸಂಜೆ ದೀಪ ಹಚ್ಚಿ ಕುಳಿತಾಗ ಆ ದಿನ ಆದ ಸಣ್ಣ ಸಣ್ಣ ಉಪಕಾರಗಳನ್ನು ದೇವರಿಗೆ ಹೇಳುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಇವರ ಬೈಕು ಕೆಸರಿನಲ್ಲಿ ಜಾರಲಿಲ್ಲ, ಒಗೆದ ಬಟ್ಟೆ ಮಳೆಗೆ ಮುಂಚೆ ಒಣಗಿತು, ಇಂಥವು. ಆ ಮಳೆಗಾಲದಲ್ಲಿ ನಾನು ದಿನವೂ ತಪ್ಪದೆ ಹೇಳಿದ ಒಂದು ಉಪಕಾರವಿತ್ತು. ಮಕ್ಕಳು ಗದ್ದಲ ಮಾಡಲಿಲ್ಲ, ಆಫ್ರೀನಳಂಥ ಶಾಂತ ಹುಡುಗಿಯನ್ನು ಕಳಿಸಿದಿ, ಇವರಿಗೆ ನಿದ್ದೆ ಬಂತು. ಕೈಮುಗಿದು ಹೇಳುತ್ತಿದ್ದೆ. ಅದಕ್ಕೆ ಕೈಮುಗಿದೆನಲ್ಲ ಎಂಬುದು ಈಗಲೂ ಚುಚ್ಚುತ್ತದೆ.

ದೀಪಾವಳಿ ದಾಟಿದ ಮೇಲೆ ಇವರಿಗೆ ಹಗಲು ಪಾಳಿ ಬಂತು. ಆ ಸಂಜೆ ಮನೆ ಖಾಲಿ. ನಾನು ಖುಷಿಯಿಂದ ಟ್ಯಾಬಿನ ದನಿ ತೆಗೆದೆ.

"ಇವತ್ತು ರಾತ್ರಿ ಆಟ ಆಡೂಣು. ದೀಪ ಹತ್ತಂಗಿಲ್ಲ, ಕಿವಿ ಕೊಟ್ಟು ಕೇಳಬೇಕು. ಯಾರ ಮೊದಲು? ನಮ್ಮ ಫಸ್ಟ್ ಕ್ಲಾಸ್ ಹುಡುಗಿನ ಬರ್ಲಿ."

ಆಫ್ರೀನ ಮುಂದೆ ಜರುಗಿದಳು. ಕಪ್ಪು ಹಕ್ಕಿಗಳು ಕೂಗಿದವು. ಅವಳು ಕಾಯುತ್ತ ಕುಳಿತಳು. ಮತ್ತೆ ಕೂಗಿದವು. ಅವಳು ನನ್ನ ಮುಖ ನೋಡಿದಳು.

"ಆಂಟಿ, ಟ್ಯಾಬ್ ಕೆಟ್ಟೈತಿ. ದೀಪ ಹತ್ತವಲ್ದು."

ಮಕ್ಕಳು ನಕ್ಕರು. "ದೀಪ ಅಲ್ಲ ಹುಚ್ಚಿ, ಕೂಗೂದು ಕೇಳು," ಎಂದು ಅನ್ನಪೂರ್ಣ ಅವಳ ಬೆನ್ನ ಹಿಂದಿನಿಂದಲೇ ಹೇಳಿದಳು. ಆಫ್ರೀನ ಕೈಗೆ ಸಿಕ್ಕ ಹಕ್ಕಿಯನ್ನು ಮುಟ್ಟಿದಳು. ತಪ್ಪು. ಇನ್ನೊಂದನ್ನು ಮುಟ್ಟಿದಳು. ತಪ್ಪು. ಆಮೇಲೆ ಎರಡೂ ಅಂಗೈಯಿಂದ ಗಾಜನ್ನು ಪಟಪಟ ಬಡಿಯತೊಡಗಿದಳು. ನಗು ಇನ್ನೂ ಜೋರಾಯಿತು. ನನಗೆ ಸಿಟ್ಟು ಬಂತು. ನಾನು ಗುಡಿಯಲ್ಲಿ ಹೊಗಳಿದ ಹುಡುಗಿ, ನನ್ನ ಕಣ್ಣೆದುರೇ ಹೀಗೆ ಮಾಡುತ್ತಾಳಲ್ಲ ಎಂಬ ಸಿಟ್ಟು.

"ಲಕ್ಷ್ಯ ಎಲ್ಲೈತಿ ನಿಂದು? ಫಸ್ಟ್ ಬರ್ತೇನಿ ಅಂತ ಸೊಕ್ಕು ಬಂತೇನು? ಹೋಗು, ಬಾಗಲ ಕಡೆ ಕುಂಡ್ರು. ಮೊದಲು ಕೇಳೂದು ಕಲಿ."

ಕೇಳುವುದು ಕಲಿ ಎಂದು ನಾನು ಆ ಕೂಸಿಗೆ ಹೇಳಿದೆ. ಅವಳಿಗೆ ಅದರಲ್ಲಿ ಎಷ್ಟು ಕೇಳಿಸಿತೋ ಗೊತ್ತಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಂಡಿರಬೇಕು. ಎದ್ದು ಹೋಗಿ ಹೊಸ್ತಿಲ ಹತ್ತಿರ ಕುಳಿತಳು. ಉಳಿದ ಮಕ್ಕಳು ಒಬ್ಬೊಬ್ಬರಾಗಿ ಆಡಿದರು. ಮೊದಲು ತಪ್ಪಿದರು, ಆಮೇಲೆ ಒಂದೆರಡು ಹಕ್ಕಿ ಹಿಡಿದರು. ನಾನು ಎಲ್ಲರಿಗೂ ಶಾಬಾಶ್ ಎಂದೆ. ತಿರುಗಿ ನೋಡಿದಾಗ ಹೊಸ್ತಿಲು ಖಾಲಿಯಿತ್ತು.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮುನಿಸು, ತಾನೇ ಇಳಿಯುತ್ತದೆ ಎಂದುಕೊಂಡೆ. ಮಮ್ತಾಜನ ಅತ್ತೆ ಊರಿನಿಂದ ಬಂದಿದ್ದರಿಂದ ಹುಡುಗಿ ಮನೆಯಲ್ಲಿಯೇ ಉಳಿಯುತ್ತಾಳೆ ಎಂದು ಗೊತ್ತಾಗಿ, ಹೋಗಿ ಕರೆಯುವ ಕೆಲಸವೂ ತಪ್ಪಿತು ಎನಿಸಿತು. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ಚಳಿಗಾಲ ಪೂರ್ತಿ ನಾನು ಆ ಗೋಡೆ ಸುತ್ತಿ ಹೋಗಲಿಲ್ಲ. ಕಡೆಗೆ ಅವಳ ಕಿವಿ ಸೋರಿ, ಜ್ವರ ಬಂದು, ಇಲ್ಲಿನ ಡಾಕ್ಟರು ನೋಡಿ ಹಾವೇರಿಗೆ ಬರೆದುಕೊಟ್ಟರು. ಆಗ ಮಮ್ತಾಜ ಬಂದು ಜೊತೆ ಕರೆದಳು. ನಾನು ಮೆಣಸಿನಕಾಯಿಯ ಮಾತು ಹೇಳಿದೆ.

ಎರಡನೆಯ ಸಲ ಹೋಗುವಾಗ ನಾನಾಗಿಯೇ ಹೊರಟೆ. ಬಸ್ಸಿನಲ್ಲಿ ಆಫ್ರೀನ ಕಿಟಕಿಯ ಹತ್ತಿರ, ನಡುವೆ ಮಮ್ತಾಜ, ಈ ಕಡೆ ನಾನು. ಬ್ಯಾಡಗಿಗೆ ಹೊರಳುವ ಕ್ರಾಸಿನಲ್ಲಿ ಮೆಣಸಿನಕಾಯಿ ಚೀಲ ಹೊತ್ತ ಗಾಡಿಗಳು ಸಾಲಾಗಿ ನಿಂತಿದ್ದವು. ಘಾಟಿಗೆ ಬಸ್ಸಿನವರೆಲ್ಲ ಸೀನಿದರು. ಆಫ್ರೀನ ಸೀನುವವರ ಮುಖಗಳನ್ನು ಒಂದೊಂದಾಗಿ ನೋಡಿ ನಗುತ್ತಿದ್ದಳು. ನನ್ನ ಮೇಲೆ ಅವಳಿಗೆ ಮುನಿಸೇ ಇರಲಿಲ್ಲ. ಅದು ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ದವಾಖಾನೆಯಲ್ಲಿ ಗಾಜಿನ ಕೋಣೆಯೊಳಗೆ ಅವಳನ್ನು ಕೂರಿಸಿ ಕಿವಿಗೆ ಮಷೀನು ಹಾಕಿದರು. ದನಿ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ನಾವು ಹೊರಗಿನಿಂದ ನೋಡುತ್ತಿದ್ದೆವು. ಆಫ್ರೀನ ಪರೀಕ್ಷೆ ಮಾಡುವ ಹುಡುಗಿಯ ಕೈಯನ್ನೇ ನೋಡುತ್ತಿದ್ದಳು. ಆ ಕೈ ಅಲುಗಿದಾಗ ತಾನು ಗುಂಡಿ ಒತ್ತುತ್ತಿದ್ದಳು. ಪಟಪಟ, ತಪ್ಪಿಲ್ಲದೆ. ಒತ್ತಿ ಹೊರಗೆ ನನ್ನ ಕಡೆ ನೋಡಿ ನಕ್ಕಳು, ನಕ್ಷತ್ರ ಬಿದ್ದಾಗ ನಗುತ್ತಿದ್ದ ಹಾಗೆಯೇ. ಪರೀಕ್ಷೆಯ ಹುಡುಗಿ ಅದನ್ನು ಕಂಡು ತನ್ನ ಕೈಗೆ ಅಡ್ಡ ಒಂದು ರಟ್ಟು ಇಟ್ಟಳು. ಆಮೇಲೆ ಆಫ್ರೀನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕುಳಿತಳು. ಬಹಳ ಹೊತ್ತು ಕುಳಿತಳು.

ಡಾಕ್ಟರು ಹೆಣ್ಣುಮಗಳು, ನಮ್ಮ ಕಡೆಯವರೇ. ಕಾಗದ ನೋಡುತ್ತ ಕೇಳಿದರು.

"ಇಷ್ಟ ಕಮ್ಮಿ ಕೇಳೂ ಹುಡುಗಿ, ಯಾರಿಗೂ ಗೊತ್ತಾಗಲಿಲ್ಲೇನ್ರಿ? ಟೀವಿ ಜೋರ ಇಡ್ತಿದ್ಲೇನು? ಹಾಡು ಗೀಡು ಕೇಳ್ತಿದ್ಲೇನು?"

"ಹಾಡಿನ ಕ್ಲಾಸಿಗೆ ಹೋಗ್ತಿದ್ಲರಿ ಮೇಡಮ್ಮರ," ಎಂದಳು ಮಮ್ತಾಜ. "ಅಲ್ಲಿ ಇಕಿನ ಫಸ್ಟ್. ಅದಕ್ಕ ನಮಗ ಸಂಶಯ ಬರಲಿಲ್ಲರಿ. ಸಾಲ್ಯಾಗ ಟೀಚರ್ ಒಮ್ಮೆ ಅಂದಿದ್ರು, ಹುಡುಗಿ ಕರದ್ರ ನೋಡಂಗಿಲ್ಲ ಅಂತ. ನಾನ ಅವರ ಜೋಡಿ ಜಗಳಾಡಿ ಬಂದೆ. ಹಾಡಿನ್ಯಾಗ ಫಸ್ಟ್ ಬರೂ ಹುಡುಗಿಗೆ ಕಿವಿ ಕೇಳಂಗಿಲ್ಲ ಅಂದ್ರ ಹೆಂಗರಿ ಅಂತ."

ಟೀಚರ ಮಾತು ನನಗೆ ಗೊತ್ತಿರಲಿಲ್ಲ. ಯಾವಾಗ ಎಂದು ಕೇಳಿದೆ. ಶ್ರಾವಣದಾಗ ಎಂದಳು.

ಡಾಕ್ಟರಿಗೆ ಆಶ್ಚರ್ಯವಾಯಿತು. "ಎಂಥಾ ಹಾಡಿನ ಕ್ಲಾಸ್ ಅದು?"

ಮಮ್ತಾಜ ನನ್ನ ಕಡೆ ನೋಡಿದಳು. ನಾನು ಹೇಳಲೇಬೇಕಾಯಿತು. ಟ್ಯಾಬು, ಹಕ್ಕಿ, ಬಣ್ಣ, ನಮ್ಮ ಮನೆಯವರ ರಾತ್ರಿ ಪಾಳಿ, ಎಲ್ಲ ಹೇಳಿದೆ. "ಸೌಂಡ್ ಬಂದ್ ಇಟ್ಟಿದ್ವಿರಿ," ಎಂದು ಹೇಳುವಾಗ ನನ್ನ ದನಿಯೇ ಬಿದ್ದುಹೋಯಿತು. ಡಾಕ್ಟರು ಬೈಯಲಿಲ್ಲ. ನಗಲೂ ಇಲ್ಲ.

"ಆಟ ಭಾಳ ಛಲೋ ಅದಾವ್ರಿ, ಕಲಿಯಾಕ. ಸೌಂಡ್ ಹಚ್ಚಿದ್ರ ಮೊದಲನೇ ದಿನಾನ ನಿಮಗ ಗೊತ್ತಾಗ್ತಿತ್ತು," ಎಂದು ಹೇಳಿ, ಬರೆಯತೊಡಗಿದರು. ಎರಡೂ ಕಿವಿಯ ತಮಟೆ ತೂತಾಗಿದೆ, ಬಲಗಿವಿಯದನ್ನು ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಸರಿಮಾಡಬಹುದು, ಎಡಗಿವಿಗೆ ಒಳಗೆ ಹೆಚ್ಚು ಪೆಟ್ಟಾಗಿದೆ, ಅದಕ್ಕೆ ಮಷೀನೇ ಗತಿ ಎಂದರು. ಮಳೆಗಾಲದಲ್ಲಿಯೇ ಬಂದಿದ್ದರೆ ಎಡಗಿವಿಯೂ ಉಳಿಯುತ್ತಿತ್ತೇನು ಎಂದು ನಾನು ಕೇಳಿದೆ. ಅವರು ಪೆನ್ನು ನಿಲ್ಲಿಸಿ, "ಉಳೀತಿತ್ತು ಅಂತ ಖಾತ್ರಿ ಹೇಳಾಕ ಬರಂಗಿಲ್ರಿ. ಉಳೀತಿರಲಿಲ್ಲ ಅಂತನೂ ಹೇಳಾಕ ಬರಂಗಿಲ್ಲ," ಎಂದರು.

ಹೊರಗೆ ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತ ನಿಂತಾಗ ನಾನು ಮಮ್ತಾಜನ ಕೈ ಹಿಡಿದೆ.

"ನನ್ನಿಂದ ಆತವ್ವಾ. ನಾ ಆಕಿನ್ನ ಹೊಗಳ್ಲಿಲ್ಲ ಅಂದಿದ್ರ ನೀ ಟೀಚರ್ ಮಾತು ಕೇಳ್ತಿದ್ದಿ."

ಆಕೆ ಕೈ ಬಿಡಿಸಿಕೊಂಡಳು. ಸಿಟ್ಟಿನಿಂದಲೇ ಮಾತಾಡಿದಳು.

"ಅಕ್ಕಾ, ತಾಯಿ ನಾನು. ರಾತ್ರಿ ನನ್ನ ಮಗ್ಗಲಾಗ ಮಲಗಾಕಿ. ನಿಮ್ಮ ಹತ್ತರ ಎಷ್ಟೊತ್ತು ಇರ್ತಿದ್ಲು? ಎಲ್ಲಾ ನೀವ ಹೊತ್ಕೊಂಡ್ರ ನನಗೇನು ಉಳೀತು? ನನ್ನ ಪಾಲಿನ ತಪ್ಪು ನನಗ ಇರ್ಲಿ ಬಿಡ್ರಿ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಹಿತ್ತಲದ ಜಾಗಾಕ್ಕ ಅಣ್ಣತಮ್ಮರು ಬಡದಾಡಿದಂಗ ಬಡದಾಡಾಕತ್ತೇವಲ್ರಿ. ನಡ್ರಿ, ಬಸ್ ಬಂತು," ಎಂದಳು.

ಆ ದಿನದಿಂದ ಕೆಲವು ಸಂಜೆ ನಾನು ದೀಪ ಹಚ್ಚಿ ಬಾಯಿ ಮುಚ್ಚಿಕೊಂಡು ಕುಳಿತೆ. ಎಣಿಸಲು ಏನೂ ಸಿಗಲಿಲ್ಲವೆಂದಲ್ಲ. ಹಿಂದೆ ಯಾವುದನ್ನು ಉಪಕಾರವೆಂದು ಎಣಿಸಿದ್ದೆನೋ ಅದೇ ಹೀಗಾಯಿತಲ್ಲ, ಇನ್ನು ಯಾವುದನ್ನು ನಂಬಿ ಎಣಿಸಲಿ ಎಂಬ ಅಂಜಿಕೆ. ಟ್ಯಾಬನ್ನು ಕಪಾಟಿಗೆ ಹಾಕಿ ಬೀಗ ಹಾಕಿದೆ. ಮಕ್ಕಳು ಬಂದು ಕೇಳಿದರೆ ಕೆಟ್ಟಿದೆ ಎಂದೆ. ನಮ್ಮ ಮನೆಯವರು ಒಂದು ದಿನ ಊಟ ಮಾಡುತ್ತ, "ಕವಣಿ ಮಾತು ಆಡಿದಾಂವ ನಾನು. ನೀ ಒಬ್ಬಾಕಿನ ಯಾಕ ಕೊರಗ್ತಿ?" ಎಂದರು. ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಅವರಿಗೆ ನಿದ್ದೆ ಬೇಕೇ ಇತ್ತು, ನಾನು ಕಾಯ್ದದ್ದೂ ಸರಿಯೇ. ಆದರೆ ಗುಡಿಯ ಕಟ್ಟೆ ಖಾಲಿಯೇ ಇತ್ತಲ್ಲ.

ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಬಲಗಿವಿಯ ತಮಟೆ ಹಿಡಿಯಿತು. ಎಡಗಿವಿಗೆ ಮಷೀನು ಬಂತು. ಒಂದು ಕಿವಿಯಾದರೂ ಬಂತಲ್ಲ, ಇದು ದೊಡ್ಡ ಉಪಕಾರ. ಇದನ್ನು ಮಾತ್ರ ದೇವರಿಗೆ ಹೇಳಿದೆ.

ಮತ್ತೆ ಮಳೆ ಶುರುವಾದಾಗ ಒಂದು ಮಧ್ಯಾಹ್ನ ಆಫ್ರೀನ ತಾನಾಗಿಯೇ ಬಂದಳು. ಕಿವಿಯ ಹಿಂದಿನ ಮಷೀನನ್ನು ಹೊಸ ಓಲೆ ತೋರಿಸುವ ಹಾಗೆ ಕೂದಲು ಸರಿಸಿ ತೋರಿಸಿದಳು.

"ಆಂಟಿ, ನಮ್ಮ ಅಬ್ಬಾ ಗೊರಕಿ ಹೊಡೀತಾನ್ರಿ! ನಿಮಗ ಗೊತ್ತಿತ್ತೇನು?"

"ಗೋಡಿ ಈಚಿ ಕಡೆ ಇರೂ ನಮಗೆಲ್ಲಾ ಗೊತ್ತೈತವ್ವಾ," ಎಂದಳು ಅನ್ನಪೂರ್ಣ. ಮೂವರೂ ನಕ್ಕೆವು.

"ಹಕ್ಕಿ ಆಟ ಹಚ್ರಿ ಆಂಟಿ."

ಕೆಟ್ಟಿದೆ ಎನ್ನಲು ಬಾಯಿ ತೆರೆದೆ. ಆ ಮುಖಕ್ಕೆ ಸುಳ್ಳು ಹೇಳಲಾಗಲಿಲ್ಲ. ಇವರಿಗೆ ಆ ವಾರ ಮತ್ತೆ ರಾತ್ರಿ ಪಾಳಿ, ಒಳಗೆ ಮಲಗಿದ್ದರು. ಗುಡಿಯ ಕಟ್ಟೆಗೆ ಹೋಗೋಣವೆಂದರೆ ಮಳೆ ಜಡಿಯುತ್ತಿತ್ತು, ಮಷೀನಿಗೆ ನೀರು ತಾಗಬಾರದು. ಕಪಾಟು ತೆಗೆದು, ಟ್ಯಾಬು ಚಾರ್ಜಿಗೆ ಇಟ್ಟು, ದನಿಯನ್ನು ಪೂರ್ತಿ ಏರಿಸಿದೆ.

ಕೆಂಪು ಹಕ್ಕಿ ಕೊಕ್ಕು ತೆರೆದು ಸ ಎಂದಿತು. ಆಫ್ರೀನ ಹಿಂದಕ್ಕೆ ಜರುಗಿದಳು.

"ಇದು ಹಿಂಗ ಕೂಗ್ತಿತ್ತೇನ್ರಿ? ಆವಾಗನೂ?"

"ಹೂಂನವ್ವಾ. ಆವಾಗನೂ."

ಅವಳು ಕೆಂಪು ಹಕ್ಕಿಯನ್ನೇ ಮತ್ತೆ ಮತ್ತೆ ಮುಟ್ಟಿದಳು. ಆಮೇಲೆ ಉಳಿದ ಹಕ್ಕಿಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. ಓಣಿಯ ಇಬ್ಬರು ಮಕ್ಕಳು ದನಿ ಕೇಳಿ ಓಡಿ ಬಂದರು. ರಾತ್ರಿಯ ಆಟ ಹಚ್ಚಿದೆ. ಅನ್ನಪೂರ್ಣ ಮೂರು ಹಕ್ಕಿ ಹಿಡಿದಳು, ಬಂದ ಮಕ್ಕಳೂ ಒಂದೆರಡು ಹಿಡಿದರು. ಆಫ್ರೀನಳದು ತಪ್ಪಿತು. ತಪ್ಪಾದಾಗ ಆ ಆಟದಲ್ಲಿ ತಗಡು ಬಿದ್ದಂಥ ಒಂದು ದನಿ ಬರುತ್ತದೆ. ಅದನ್ನು ಅವಳು ಮೊದಲ ಸಲ ಕೇಳಿದ್ದು. ಮತ್ತೆ ಆಡಿದಳು, ಮತ್ತೆ ತಗಡು ಬಿತ್ತು. ಮೂರನೆಯ ಸಲವೂ ಬಿತ್ತು. ನನ್ನ ಸೆರಗು ಜಗ್ಗಿ ಮೆಲ್ಲಗೆ ಹೇಳಿದಳು.

"ಆಂಟಿ, ಸೌಂಡ್ ಬಂದ್ ಮಾಡ್ರ್ಯಲಾ. ಹಗಲಿನ ಆಟ ಹಚ್ರಿ. ಅದರಾಗ ನಾ ಫಸ್ಟ್ ಬರ್ತೇನಿ."

ಒಂದು ಗುಂಡಿ ಒತ್ತಿದರೆ ಸಾಕಿತ್ತು, ಆ ಕೂಸು ನಗುತ್ತಿತ್ತು. ನನ್ನ ಬೆರಳು ಅಲ್ಲಿಯವರೆಗೂ ಹೋಯಿತು. ಇನ್ನೊಮ್ಮೆ ಅದನ್ನು ಒತ್ತಲಾರೆ ಎನಿಸಿ ಕೈ ಹಿಂದೆ ತೆಗೆದುಕೊಂಡೆ.

"ಬ್ಯಾಡವ್ವಾ. ಇವತ್ತ ಫಸ್ಟ್ ಬ್ಯಾಡ. ಬರೇ ಕೇಳು."

ಅಷ್ಟರಲ್ಲಿ ಒಳಗಿನ ಬಾಗಿಲು ಕಿರ್ ಎಂದಿತು. ಇವರು ಕಣ್ಣುಜ್ಜುತ್ತ ನಿಂತಿದ್ದರು. ಆಫ್ರೀನ ಗಾಬರಿಯಾಗಿ ಟ್ಯಾಬಿನ ಗುಂಡಿ ಒತ್ತಿ ತಾನೇ ದನಿ ಇಳಿಸಿದಳು. ಉಳಿದವರ ಕಡೆ ತಿರುಗಿ ತುಟಿಗೆ ಬೆರಳಿಟ್ಟು "ಶ್" ಎಂದಳು.

"ಯಾಕ ಇಳಿಸಿದಿ?" ಎಂದರು ಇವರು.

"ನೀವು ಮಲ್ಕೊಂಡೀರಲ್ರಿ ಅಂಕಲ್."

"ಎದ್ದೇನಲ್ಲ ಈಗ. ಹಚ್ಚ ಜೋರ. ನಾನೂ ಆಡ್ತೇನಿ, ನನಗೂ ಒಂದೂ ಬರಂಗಿಲ್ಲ." ಚಾಪೆಯ ಮೇಲೆ ಮಕ್ಕಳ ನಡುವೆ ಕುಳಿತರು. ನನ್ನ ಕಡೆ ನೋಡಿ, "ಗಿರಿಜಾ, ಚಾ ಇಡು," ಎಂದರು.

ನಾನು ಎದ್ದು ಒಳಗೆ ಹೋದೆ. ಒಲೆ ಹಚ್ಚಿ ನೀರಿಟ್ಟೆ, ಶುಂಠಿ ಜಜ್ಜಿದೆ. ಪಡಸಾಲೆಯಲ್ಲಿ ಮತ್ತೆ ತಗಡು ಬಿತ್ತು. ಮತ್ತೊಮ್ಮೆ ಬಿತ್ತು. ಆ ದನಿ ನನಗೆ ಕೇಳುತ್ತಿತ್ತು, ಅವಳಿಗೂ ಕೇಳುತ್ತಿತ್ತು. ನಾನು ಸಕ್ಕರೆಯ ಡಬ್ಬಿ ಇಳಿಸಿಕೊಂಡೆ.